ಮಾರಿಯೋ ಕನ್ನಡದಲ್ಲಿ ನಗಬಾರದೇ?



ಕಾಮಿಕ್ಸ್ ಓದುವುದು ಓದೇ ಅಲ್ಲ ಎಂಬ ತೀರ್ಪನ್ನು ನಮ್ಮ ಶಿಕ್ಷಕರ ಕೊಠಡಿಗಳಲ್ಲಿ, ಪುಸ್ತಕ ಆಯ್ಕೆಯ ಸಭೆಗಳಲ್ಲಿ, ಪೋಷಕರ ಮಾತುಕತೆಗಳಲ್ಲಿ ಕೇಳದವರು ವಿರಳ. ಆ ಕಾಮಿಕ್ಸ್ ವಿಡಿಯೋ ಗೇಮ್ ಒಂದರಿಂದ ಹುಟ್ಟಿದ್ದೆಂದು ತಿಳಿದರಂತೂ ಮುಗಿದೇ ಹೋಯಿತು. ಮೊದಲೇ ಕೋತಿ, ಜೊತೆಗೆ ಹೆಂಡ ಕುಡಿದಿದೆ ಎಂಬ ಗಾದೆ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಅದು ಕೇವಲ ನಗಿಸುವ ಕಾಮಿಕ್ಸ್ ಆಗಿದ್ದರೆ ಅಪರಾಧಪಟ್ಟಿಗೆ ಮೂರನೆಯ ಕಲಮೂ ಸೇರಿಕೊಳ್ಳುತ್ತದೆ. ಆಟದ ಮೋಹ, ಚಿತ್ರದ ಸೋಮಾರಿತನ, ನಗೆಯ ಪೋಲಿತನ ಎಂದು ಮೂರು ಆರೋಪಗಳನ್ನು ಹೊರಿಸಿ ಪುಸ್ತಕವನ್ನು ಕಪಾಟಿನ ಹೊರಗೆ ನಿಲ್ಲಿಸುವುದು ನಮ್ಮಲ್ಲಿ ವಿದ್ವತ್ತಿನ ಲಕ್ಷಣವೆನಿಸಿಕೊಂಡಿದೆ. ಈ ತೀರ್ಪು ತಪ್ಪೆಂದೂ, ಅದರ ದಂಡವನ್ನು ತೆರುತ್ತಿರುವವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಕ್ಕಳೆಂದೂ ನನ್ನ ವಾದ. ಒಪ್ಪದವರು ಕಡೆಯವರೆಗೂ ಓದಿ, ಆಮೇಲೆ ಧಾರಾಳವಾಗಿ ಬೈಯಬಹುದು.

ಮೊದಲು ನಾವು ಯಾವ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದೇವೆಂಬುದು ಸ್ಪಷ್ಟವಾಗಲಿ. ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸಗಾರ 1981ರ 'ಡಾಂಕಿ ಕಾಂಗ್' ಎಂಬ ಜಪಾನೀ ಆಟದಲ್ಲಿ ಮೊದಲು ಕಾಣಿಸಿಕೊಂಡು, 1985ರ 'ಸೂಪರ್ ಮಾರಿಯೋ ಬ್ರದರ್ಸ್' ಮೂಲಕ ಜಗತ್ತನ್ನೆಲ್ಲ ಸುತ್ತಿದವನು. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ತಂತಿ ಜೋಡಿಸಿ ಆಡುವ ಅಗ್ಗದ ಪೆಟ್ಟಿಗೆಗಳಲ್ಲಿ ಅವನನ್ನು ಕುಣಿಸಿದ ಹುಡುಗರು ಈಗ ತಾವೇ ತಂದೆಗಳಾಗಿದ್ದಾರೆ. ಆ ಆಟದ ಕಥೆ ಒಂದೇ ಸಾಲಿನದು: ರಾಜಕುಮಾರಿಯನ್ನು ಆಮೆಯಂಥ ರಾಕ್ಷಸನೊಬ್ಬ ಹೊತ್ತೊಯ್ಯುತ್ತಾನೆ, ಮಾರಿಯೋ ಓಡಿ, ಹಾರಿ, ಇಟ್ಟಿಗೆ ಗುದ್ದಿ ಅವಳನ್ನು ಬಿಡಿಸಿ ತರುತ್ತಾನೆ. ಇಷ್ಟೇ ಬಂಡವಾಳದ ಮೇಲೆ ಯುಕಿಯೋ ಸವಾದ ಎಂಬ ಚಿತ್ರಕಾರರು 1990ರಲ್ಲಿ ಶೋಗಾಕುಕಾನ್ ಪ್ರಕಾಶನದ 'ಕೊರೊಕೊರೊ ಕಾಮಿಕ್' ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ 'ಸೂಪರ್ ಮಾರಿಯೋ-ಕುನ್' ಎಂಬ ಹಾಸ್ಯಮಾಲೆಯನ್ನು ಆರಂಭಿಸಿದರು. 'ಕುನ್' ಎಂಬುದು ಹುಡುಗರನ್ನು ಸಲುಗೆಯಿಂದ ಕರೆಯುವ ಪ್ರತ್ಯಯ. ನಮ್ಮ ಸೀಮೆಯವರಾಗಿದ್ದರೆ 'ಮಾರಿಯಪ್ಪ' ಎನ್ನುತ್ತಿದ್ದರೋ ಏನೋ. ಆಟದಲ್ಲಿ ಶೂರನಾದವನು ಇಲ್ಲಿ ಪೆದ್ದುತನ ಮಾಡುತ್ತಾನೆ, ಮುಖ ಸೊಟ್ಟಗೆ ಮಾಡುತ್ತಾನೆ, ತಾನೇ ತೋಡಿದ ಹಳ್ಳಕ್ಕೆ ತಾನೇ ಬೀಳುತ್ತಾನೆ. ಈ ಮಾಲೆ ಅರವತ್ತಕ್ಕೂ ಹೆಚ್ಚು ಸಂಪುಟಗಳನ್ನು ದಾಟಿ ಬೆಳೆದಿದೆ. ಅದರ ಆಯ್ದ ಕಥೆಗಳು 2020ರಲ್ಲಿ ಇಂಗ್ಲಿಷಿಗೂ ಬಂದವು.

ಇದು ಜಪಾನಿಗೆ ಮಾತ್ರ ಸೀಮಿತವಾದ ಚಾಳಿಯಲ್ಲ. ಅಮೆರಿಕದ ಆರ್ಚಿ ಪ್ರಕಾಶನದವರು ಸೋನಿಕ್ ಎಂಬ ನೀಲಿ ಮುಳ್ಳುಹಂದಿಯ ಆಟವನ್ನು ಆಧರಿಸಿ 1993ರಿಂದ ಕಾಮಿಕ್ಸ್ ತಂದರು. ಮೊದಲಿಗೆ ಶುದ್ಧ ತಮಾಷೆಯಾಗಿ ಹೊರಟ ಆ ಮಾಲೆ 290 ಸಂಚಿಕೆಗಳವರೆಗೆ ನಡೆದು 2017ರಲ್ಲಿ ರದ್ದಾಯಿತು. ಫಿನ್‌ಲ್ಯಾಂಡಿನಲ್ಲಿ 2009ರಲ್ಲಿ ಹುಟ್ಟಿ ನಮ್ಮ ಹಳ್ಳಿಯ ಮೊಬೈಲುಗಳಿಗೂ ಹಾರಿ ಬಂದ 'ಆಂಗ್ರಿ ಬರ್ಡ್ಸ್' ಆಟಕ್ಕೂ 2014ರಲ್ಲಿ ಕಾಮಿಕ್ಸ್ ಆಯಿತು. ಇವೆಲ್ಲದರ ಹಿಂದಿರುವ ಉಪಾಯ ಒಂದೇ. ಆಟವು ಪಾತ್ರಕ್ಕೆ ಕೈಕಾಲು ಕೊಟ್ಟಿರುತ್ತದೆ; ಕಾಮಿಕ್ಸು ಅದಕ್ಕೆ ಬಾಯಿ ಕೊಡುತ್ತದೆ. ಮಗುವಿಗೆ ಪಾತ್ರ ಮೊದಲೇ ಪರಿಚಿತ. ತಾನು ದಿನವೂ ಓಡಿಸಿದ ಈ ಗೊಂಬೆ ಈಗ ಏನು ಮಾತನಾಡುತ್ತದೆ ಎಂಬ ಕುತೂಹಲಕ್ಕೆ ಮಗು ಅಕ್ಷರಗಳ ಬಳಿಗೆ ತಾನಾಗಿಯೇ ಬರುತ್ತದೆ. ಯಾರೂ ಕಿವಿ ಹಿಂಡಬೇಕಾಗಿಲ್ಲ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ವಿಷಯಕ್ಕೆ ಬರುತ್ತೇನೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಿರಾ, ಕೊರಟಗೆರೆ, ಪಾವಗಡ ಅದರಲ್ಲಿ ಸೇರಿವೆ. ಪಾವಗಡವಂತೂ ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದ ತಾಲ್ಲೂಕು. ಅಲ್ಲಿಯೂ ಮಧುಗಿರಿ, ಶಿರಾಗಳ ಗಡಿಹಳ್ಳಿಗಳಲ್ಲಿಯೂ ಮನೆಯ ಮಾತು ತೆಲುಗಾಗಿರುವ ಮಕ್ಕಳು ಬಹಳ ಮಂದಿ. ಶಿರಾ ಪಟ್ಟಣದ ಅನೇಕ ಮನೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇಂಥ ಮಗು ಕನ್ನಡವನ್ನು ಮೊದಲು ಎದುರುಗೊಳ್ಳುವುದು ಶಾಲೆಯಲ್ಲಿ. ಹಾಗಾಗಿ ಕನ್ನಡವೆಂದರೆ ಅದಕ್ಕೆ ಹಾಜರಿ ಕೂಗುವ ಭಾಷೆ, ಕಾಪಿ ಬರೆಸುವ ಭಾಷೆ, ಪರೀಕ್ಷೆಯ ಭಾಷೆ, ತಪ್ಪಿದರೆ ಗದರಿಸುವ ಭಾಷೆ. ಅತ್ತರೆ ತೆಲುಗಿನಲ್ಲಿ ಅಳುತ್ತದೆ, ನಕ್ಕರೆ ತೆಲುಗಿನಲ್ಲಿ ನಗುತ್ತದೆ. ಮೂರು ದಶಕ ಕನ್ನಡ ಪಾಠ ಹೇಳಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಯಾವ ಭಾಷೆಯಲ್ಲಿ ಮಗು ತಾನಾಗಿ ನಗಲಿಲ್ಲವೋ ಆ ಭಾಷೆ ಅದರ ಪಾಲಿಗೆ ಬಾಡಿಗೆಯ ಮನೆ. ಪದವಿಯವರೆಗೂ ಅದರಲ್ಲಿ ವಾಸಿಸಬಹುದು, ಸ್ವಂತದ್ದಾಗುವುದಿಲ್ಲ. ಕನ್ನಡವನ್ನು ಉಳಿಸಬೇಕೆಂದು ನವೆಂಬರ್ ತಿಂಗಳಲ್ಲಿ ಗಂಟಲು ಹರಿಯುವಂತೆ ಕೂಗುವ ನಾವು, ಗಡಿನಾಡಿನ ಮಗುವಿಗೆ ಕನ್ನಡದಲ್ಲಿ ನಗಲು ಏನು ಕೊಟ್ಟಿದ್ದೇವೆ?

ಕಾಮಿಕ್ಸು ಇಂಥ ಮಗುವಿಗೆ ಹೇಗೆ ನೆರವಾಗುತ್ತದೆ ಎಂಬುದರಲ್ಲಿ ಮಾಯಮಂತ್ರವೇನಿಲ್ಲ. ಮಾತಿನ ಗುಳ್ಳೆಯಲ್ಲಿ ನಾಲ್ಕಾರು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಆ ಪದಗಳನ್ನು ಯಾರು ಆಡಿದರು, ಕೋಪದಿಂದಲೋ ಹೆದರಿಕೆಯಿಂದಲೋ, ಯಾವ ವಸ್ತುವನ್ನು ತೋರಿಸಿ ಆಡಿದರು ಎಂಬುದೆಲ್ಲ ಪಕ್ಕದಲ್ಲಿಯೇ ಚಿತ್ರವಾಗಿದೆ. ಗೊತ್ತಿಲ್ಲದ ಪದದ ಅರ್ಥವನ್ನು ನಿಘಂಟು ನೋಡದೆ ಮಗುವೇ ಊಹಿಸಿಕೊಳ್ಳುತ್ತದೆ. ಊಹೆ ತಪ್ಪಾದರೆ ಮುಂದಿನ ಚೌಕದಲ್ಲಿ ತಿದ್ದಿಕೊಳ್ಳುತ್ತದೆ. ನಗೆಹನಿಯ ಕೊನೆಯ ಚೌಕವನ್ನು ತಲುಪಲೇಬೇಕೆಂಬ ಆಸೆಯು ಅದನ್ನು ಮುಂದಕ್ಕೆ ಎಳೆಯುತ್ತದೆ. ಚಿತ್ರ, ಹಾಡು, ಆಟಗಳ ಮೂಲಕ ಕಲಿಸಬೇಕೆಂಬ ತತ್ತ್ವವನ್ನು ಸರ್ಕಾರವೇ ಒಪ್ಪಿದೆಯಲ್ಲ! 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿಕಲಿ' ಪದ್ಧತಿಯು ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಆದರೆ ನಲಿಕಲಿಯ ನಲಿವು ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗು ಒಂದೇ ಬೇಸಿಗೆಯಲ್ಲಿ ಮುದುಕನಾಗಬೇಕೆಂದು ನಾವು ನಿರೀಕ್ಷಿಸುತ್ತೇವೆ. ಒಂಬತ್ತರಿಂದ ಹದಿಮೂರರ ವಯಸ್ಸಿನಲ್ಲಿ, ಅಂದರೆ ಓದಿನ ರುಚಿ ಹತ್ತಬೇಕಾದ ವಯಸ್ಸಿನಲ್ಲಿ, ನಗಿಸುವ ಕನ್ನಡ ಪುಸ್ತಕವನ್ನು ನಮ್ಮ ಮಧುಗಿರಿಯ ಅಂಗಡಿಗಳಲ್ಲಿ ಕೇಳಿ ನೋಡಿ. ಗೈಡು ಕೊಡುತ್ತಾರೆ, ಪ್ರಶ್ನೋತ್ತರ ಮಾಲಿಕೆ ಕೊಡುತ್ತಾರೆ, ಮಹಾಪುರುಷರ ಜೀವನಚರಿತ್ರೆ ಕೊಡುತ್ತಾರೆ.

ಈಗ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳೋಣ.

ಮೊದಲನೆಯದು, ಇದು ಪರದೇಶದ ಸರಕು ಎಂಬುದು. ಹೌದು, ಪರದೇಶದ್ದೇ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯದ ಹ್ಯಾಮೆಲಿನ್ ಊರು ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯಾಗಿ, ಅಲ್ಲಿಯ ಕೊಳಲಿನವನು ಕಿಂದರಿಜೋಗಿಯಾಗಿ ಬಂದಾಗ ಯಾರಾದರೂ ಅದನ್ನು ಪರದೇಶದ ಸರಕೆಂದು ಹಿಂದಕ್ಕೆ ಕಳುಹಿಸಿದರೇ? ತಲೆಮಾರುಗಳ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಕುಣಿದರು. ಇನ್ನೊಂದು ಸಂಗತಿಯನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ಇಂದು ಭಾರತೀಯ ಸಂಸ್ಕೃತಿಯ ಕಾವಲುಗಾರನೆಂದು ಎಲ್ಲರೂ ಹೊಗಳುವ 'ಅಮರ ಚಿತ್ರ ಕಥೆ' ಹುಟ್ಟಿದ್ದು ಹೇಗೆ? ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಪಾಶ್ಚಾತ್ಯ ಮಕ್ಕಳ ಕಥೆಗಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಆ ಮಾಲೆಯ ಮೊದಲ ಹತ್ತು ಅಂಕಿಗಳು ಸಿಂಡರೆಲ್ಲಾ ಮುಂತಾದ ಪರದೇಶದ ಕಥೆಗಳಿಗೆ ಸಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಬಂದ ಇಂಗ್ಲಿಷ್ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ ದೊರೆತದ್ದು ಈ ಕಾರಣದಿಂದಲೇ. ಎಂದರೆ, ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಥಾಮಾಲೆಯ ಬಾಗಿಲನ್ನು ತೆರೆದದ್ದು ಕನ್ನಡ. ಅದೂ ಪರದೇಶದ ಕಥೆಯನ್ನು ನಾಚಿಕೆಯಿಲ್ಲದೆ ಎರವಲು ತಂದ ಕನ್ನಡ. ಸಿಂಡರೆಲ್ಲಾ ಕನ್ನಡ ಮಾತನಾಡಿದರೆ ಕೆಡದ ಸಂಸ್ಕೃತಿ ಮಾರಿಯೋ ಮಾತನಾಡಿದರೆ ಕೆಟ್ಟುಹೋಗುವುದೇ?

ಎರಡನೆಯದು, ಇದರಲ್ಲಿ ನೀತಿಯಿಲ್ಲ ಎಂಬುದು. ನಿಜ, ಇಲ್ಲ. ತೆನಾಲಿ ರಾಮನ ಕಥೆಗಳಲ್ಲಿ ಎಷ್ಟು ನೀತಿಯಿದೆ, ಸ್ವಾಮಿ? ರಾಜನನ್ನು ಬೇಸ್ತು ಬೀಳಿಸಿದ, ಕಳ್ಳರಿಂದ ತನ್ನ ತೋಟಕ್ಕೆ ನೀರು ಸೇದಿಸಿದ, ಬೆಕ್ಕಿಗೆ ಬಿಸಿ ಹಾಲು ಕುಡಿಸಿ ಹೆದರಿಸಿದ. ಇವನ್ನು ಕನ್ನಡಿಗರೂ ತೆಲುಗರೂ ತಮ್ಮವೆಂದು ಶತಮಾನಗಳಿಂದ ಹೇಳಿಕೊಂಡು ನಕ್ಕಿದ್ದಾರೆ. ರಾಶಿಯವರು 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು, ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅಚ್ಚಾದದ್ದು ಅಲ್ಲಿ. ದೊಡ್ಡವರಿಗೆ ನಗೆಯೆಂಬುದು ಆರೋಗ್ಯ, ಮಕ್ಕಳಿಗೆ ಮಾತ್ರ ಕಾಲಹರಣ ಎಂಬ ನ್ಯಾಯ ಯಾವ ಶಾಸ್ತ್ರದಲ್ಲಿದೆ? ಪ್ರತಿ ಕಥೆಯ ಬಾಲಕ್ಕೂ ಒಂದು ನೀತಿಯನ್ನು ಕಟ್ಟಿ ಕಟ್ಟಿ, ಮಕ್ಕಳ ಪುಸ್ತಕವೆಂದರೆ ಸಕ್ಕರೆ ಲೇಪಿಸಿದ ಕಷಾಯದ ಗುಳಿಗೆ ಎಂಬಂತೆ ಮಾಡಿಟ್ಟಿದ್ದೇವೆ. ಮಗು ಸಕ್ಕರೆಯನ್ನು ನೆಕ್ಕಿ ಗುಳಿಗೆಯನ್ನು ಉಗುಳುತ್ತದೆ. ನಾವು ಮಗುವನ್ನು ದೂರುತ್ತೇವೆ.

ಮೂರನೆಯದು, ಭಾಷೆ ಕೀಳಾಗುತ್ತದೆ ಎಂಬುದು. ಇಲ್ಲಿ ಕನ್ನಡ ಮೇಷ್ಟರಾಗಿಯೇ ಉತ್ತರ ಕೊಡುತ್ತೇನೆ. ಅನುಕರಣಾವ್ಯಯ ಎಂದರೇನು, ಎರಡು ಉದಾಹರಣೆ ಕೊಡಿ ಎಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಮಗು 'ಪಟಪಟ, ಚಟಚಟ' ಎಂದು ಬರೆದು ಅಂಕ ಪಡೆದು ಮರೆಯುತ್ತದೆ. ಜಪಾನೀ ಹಾಸ್ಯಚಿತ್ರಗಳ ತುಂಬ ಇಂಥ ಸದ್ದಿನ ಪದಗಳು ಪುಟವನ್ನೇ ಹರಿದುಕೊಂಡು ಹೊರಬರುವಂತೆ ಬರೆಯಲ್ಪಟ್ಟಿರುತ್ತವೆ. ಅವನ್ನು ಕನ್ನಡಕ್ಕೆ ತರುವವನಿಗೆ ಪದಗಳ ಬಡತನವೇ? ಧೊಪ್ಪನೆ ಬಿದ್ದ, ದಬಕ್ಕನೆ ಎದ್ದ, ಬುಳಕ್ಕನೆ ಮುಳುಗಿದ, ಗಬಗಬ ತಿಂದ, ಪಿಳಿಪಿಳಿ ನೋಡಿದ, ಟಣ್ಣನೆ ಹಾರಿದ! ಈ ಸಂಪತ್ತೆಲ್ಲ ವ್ಯಾಕರಣ ಪುಸ್ತಕದ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಅದು ಬದುಕಬೇಕಾದ ಜಾಗ ಕಾಮಿಕ್ಸಿನ ಪುಟ. ಮಾತಿನ ಗುಳ್ಳೆಯೊಳಗೆ ಗ್ರಾಂಥಿಕ ಭಾಷೆ ನಿಲ್ಲುವುದಿಲ್ಲ ಎಂಬುದೂ ಒಳ್ಳೆಯದೇ ಆಯಿತು. ನಮ್ಮ ಸೀಮೆಯ ಆಡುನುಡಿ ಅಚ್ಚಿನ ಮುಖ ಕಾಣುತ್ತದೆ.

ನಾಲ್ಕನೆಯ ಆಕ್ಷೇಪ ಮಾತ್ರ ಗಂಭೀರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆಟದ ಗೀಳಿನಿಂದ ಮಕ್ಕಳು ಹಾಳಾಗುತ್ತಿರುವಾಗ ಆಟದ ಪಾತ್ರಗಳನ್ನೇ ಪುಸ್ತಕದಲ್ಲಿಯೂ ತಂದಿಡುವುದೇ ಎಂದು ತಾಯಂದಿರು ಕೇಳುತ್ತಾರೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಕ್ಕೆಂದು ಮೊಬೈಲು ಮಕ್ಕಳ ಕೈ ಸೇರಿತು. ಪಾಠ ಮುಗಿದರೂ ಮೊಬೈಲು ಕೈಬಿಡಲಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಪಬ್‌ಜಿಯನ್ನೂ 2022ರಲ್ಲಿ ಫ್ರೀ ಫೈರ್ ಆಟವನ್ನೂ ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ಒಂದು ಹೋದರೆ ಮತ್ತೊಂದು ಬರುತ್ತದೆ ಎಂಬುದೂ ಗೊತ್ತು. ಕಾಮಿಕ್ಸಿನ ಹಿಂದೆ ಆಟದ ಕಂಪನಿಯ ವ್ಯಾಪಾರಬುದ್ಧಿ ಇರುವುದನ್ನೂ ಒಪ್ಪುತ್ತೇನೆ. ಆದರೆ ತಾಯಂದಿರೇ, ಆಟಕ್ಕೂ ಪುಸ್ತಕಕ್ಕೂ ಇರುವ ವ್ಯತ್ಯಾಸ ನೋಡಿ. ಮೊಬೈಲಿನ ಆಟಕ್ಕೆ ಕೊನೆಯಿಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ. ಆಟವು ಹಣ ಹಾಕಿ ಆಯುಧ ಕೊಂಡುಕೋ ಎಂದು ಪುಸಲಾಯಿಸುತ್ತದೆ. ಗ್ರಂಥಾಲಯದ ಒಂದು ಪ್ರತಿಯನ್ನು ನಲವತ್ತು ಮಕ್ಕಳು ಬಿಟ್ಟಿಯಾಗಿ ಓದುತ್ತಾರೆ. ಆಟವನ್ನು ಒಬ್ಬನೇ ತಲೆ ಬಗ್ಗಿಸಿ ಆಡುತ್ತಾನೆ. ನಗೆಯ ಪುಸ್ತಕವನ್ನು ನಾಲ್ವರು ಒಬ್ಬರ ಭುಜದ ಮೇಲೊಬ್ಬರು ಬಾಗಿ ಓದುತ್ತಾರೆ, ಏಕೆಂದರೆ ನಗೆಯನ್ನು ಹಂಚಿಕೊಳ್ಳದೆ ಇರಲಾಗುವುದಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆಯೇ? ಮೊಬೈಲಿನಿಂದ ಮಗುವನ್ನು ಎಬ್ಬಿಸಲು ಮಗ್ಗಿಪುಸ್ತಕಕ್ಕೆ ಶಕ್ತಿಯಿಲ್ಲ. ಮಾರಿಯೋಗೆ ಇರಬಹುದು.

ಇನ್ನು ಅನುವಾದದ ಮಾತು. ಹಾಸ್ಯವನ್ನು ಪದಕ್ಕೆ ಪದ ಇಟ್ಟು ತರಲು ಬರುವುದಿಲ್ಲ; ನೆಲದಿಂದ ಹೊಸದಾಗಿ ಎಬ್ಬಿಸಬೇಕು. ಆ ವಿಷಯದಲ್ಲಿ ನಮ್ಮ ಗಡಿಸೀಮೆ ಬೇರೆಯವರಿಗಿಂತ ಭಾಗ್ಯಶಾಲಿ. ತೆಲುಗಿನ 'ಪಾಲು' ನಮ್ಮಲ್ಲಿ ಹಾಲು, 'ಪಾಮು' ಹಾವು, 'ಪುಲಿ' ಹುಲಿ. ತೆಲುಗಿನಲ್ಲಿ 'ಗುಡ್ಡು' ಎಂದರೆ ಮೊಟ್ಟೆ. ಕನ್ನಡದಲ್ಲಿ 'ಗುದ್ದು' ಎಂದರೆ ಏನೆಂದು ಬೆನ್ನಿಗೆ ಗೊತ್ತು. ಮಾರಿಯೋನ ಆಟದಲ್ಲಿ ಯೋಷಿ ಎಂಬ ಹಸಿರು ಪ್ರಾಣಿಯೊಂದಿದೆ. ಅದು ಎದುರಾದವರನ್ನು ಉದ್ದ ನಾಲಗೆ ಚಾಚಿ ನುಂಗಿ ಮೊಟ್ಟೆಯಿಡುತ್ತದೆ. ಮಾರಿಯೋನ ಕಸುಬಂತೂ ಇಟ್ಟಿಗೆ ಗುದ್ದುವುದು. ಪಾವಗಡದ ಅಂಗಡಿಯ ಮುಂದೆ ಯೋಷಿ ನಿಂತು "ಅಣ್ಣಾ, ಒಂದು ಗುಡ್ಡು ಕೊಡಣ್ಣಾ" ಎನ್ನಲಿ. ಕಿವಿ ಮಂದವಾದ ಮಾರಿಯಪ್ಪ ಅಂಗಡಿಯೊಳಗಿಂದ ಬಂದು ಒಂದು ಗುದ್ದು ಕೊಡಲಿ. ಯೋಷಿ ಹೆದರಿ ಅಲ್ಲಿಯೇ ಒಂದು ಗುಡ್ಡಿಡಲಿ. ಮಾರಿಯಪ್ಪ ಅದನ್ನೇ ಎತ್ತಿ ಅವನಿಗೆ ಮಾರಲಿ! ನಾಲ್ಕು ಚೌಕಗಳು ಸಾಕು. ಇದನ್ನು ಓದಿ ಮೊದಲು ನಗುವವನು ಎರಡೂ ಭಾಷೆ ಬಲ್ಲ ಗಡಿಯ ಹುಡುಗ. ತರಗತಿಯಲ್ಲಿ ಯಾವ ತೆಲುಗು ಅವನ ಕೊರತೆಯೆಂದು ಎಣಿಸಲ್ಪಟ್ಟಿತ್ತೋ ಅದೇ ಇಲ್ಲಿ ಅವನ ಜಾಣತನವಾಗುತ್ತದೆ. ಅರ್ಥವಾಗದ ಕನ್ನಡದ ಹುಡುಗನಿಗೆ ಅವನೇ ಬಿಡಿಸಿ ಹೇಳುತ್ತಾನೆ. ಒಂದು ನಗೆಚಿತ್ರ ಮಾಡಬಲ್ಲ ಈ ಕೆಲಸವನ್ನು ಯಾವ ಸುತ್ತೋಲೆ ಮಾಡಬಲ್ಲದು?

ಜಪಾನಿನ ಕಂಪನಿ ಹಕ್ಕು ಕೊಡದಿದ್ದರೆ, ಅಥವಾ ಕೇಳುವ ಬೆಲೆ ನಮಗೆ ನಿಲುಕದಿದ್ದರೆ ಏನು ಮಾಡುವುದೆಂದು ವ್ಯವಹಾರ ಬಲ್ಲವರು ಕೇಳುತ್ತಾರೆ. ಆಗ ನಮ್ಮದನ್ನು ಮಾಡೋಣ. ನಮ್ಮ ಕಡೆ ಗುಡಿಯ ಕಟ್ಟೆಗಳ ಚಪ್ಪಡಿಯ ಮೇಲೆ ಗೆರೆ ಕೊರೆದು ಆಡುತ್ತಿದ್ದ ಹುಲಿ-ಮೇಕೆ ಆಟ ಯಾವ ವಿಡಿಯೋ ಗೇಮಿಗೆ ಕಡಿಮೆ? 3 ಹುಲಿ, 15 ಮೇಕೆ. ಹುಲಿ ಹಾರಿ ಮೇಕೆಯನ್ನು ತಿನ್ನುತ್ತದೆ. ಮೇಕೆಗಳು ಒಗ್ಗಟ್ಟಾಗಿ ಹುಲಿ ಅಲುಗಾಡದಂತೆ ದಿಗ್ಬಂಧನ ಹಾಕುತ್ತವೆ. ಮಾರಿಯೋ ಕಥೆಗಿಂತ ಹೆಚ್ಚಿನ ಬಂಡವಾಳ ಇದರಲ್ಲಿದೆ. ಹಸಿದ ಮೂರು ದಡ್ಡ ಹುಲಿಗಳು, ಜಗಳಗಂಟಿ ಹದಿನೈದು ಮೇಕೆಗಳು ಎಂದರೆ ಹತ್ತು ಸಂಪುಟದ ನಗೆಗೆ ಸಾಕು. ಕೈಚಳಕದವರು ಇಲ್ಲವೇ? ನಮ್ಮಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಆರಂಭವಾಗಿ ಪರದೇಶದ ದೊಡ್ಡ ಆಟಗಳಿಗೆ ಚಿತ್ರ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಜಗತ್ಪ್ರಸಿದ್ಧ ಆಟದ ಕಂಪನಿಯೇ ಕೊಂಡುಕೊಂಡಿತು. ಜಗತ್ತಿನ ಗೊಂಬೆಗಳಿಗೆ ಬಣ್ಣ ಬಳಿಯುವ ಊರು ತನ್ನ ನಾಡಿನ ಮಗುವಿಗೆ ಕನ್ನಡ ಮಾತನಾಡುವ ಒಂದು ಮೇಕೆಯನ್ನು ಬರೆದುಕೊಡಲಾರದೆ? ಕೈಯಿದೆ, ಬಣ್ಣವಿದೆ. ಇಲ್ಲದಿರುವುದು ಮಕ್ಕಳ ನಗೆಯ ಬಗ್ಗೆ ಗೌರವ.

ಹಣವಿಲ್ಲವೆಂಬ ಮಾತನ್ನೂ ಒಪ್ಪಲಾರೆ. ಕನ್ನಡದಲ್ಲಿ ಆ ಚಿತ್ರಕಥೆಗಳು ಬಂದ ಅದೇ 1965ರಲ್ಲಿ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಬಂತು. ನಾವು ಕಟ್ಟುವ ಮನೆಗಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ತೆರುತ್ತೇವೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಡಿ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತ ಸದಸ್ಯರನ್ನಾಗಿ ಸೇರಿಸಿಕೊಂಡರು. ಬಹಳ ಒಳ್ಳೆಯ ಕೆಲಸ. ಆದರೆ ಬಾಗಿಲು ತೆರೆದರೆ ಸಾಕೆ? ಒಳಗೆ ಬಂದ ಮಗು ಎತ್ತಿಕೊಳ್ಳುವುದು ಏನನ್ನು? 1949ರಿಂದ ಕನ್ನಡದ ಮಕ್ಕಳನ್ನು ತಿಂಗಳು ತಿಂಗಳು ಕಾಯಿಸುತ್ತಿದ್ದ 'ಚಂದಮಾಮ' 2013ರ ಹೊತ್ತಿಗೆ ನಿಂತುಹೋಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ಪುಟಾಣಿಗಳಿಗೆ ಕನ್ನಡದಲ್ಲಿಯೂ ಅಂದವಾದ ಚಿತ್ರಪುಸ್ತಕಗಳನ್ನು ಕೊಟ್ಟು, 2015ರಿಂದ ಅಂತರ್ಜಾಲದಲ್ಲಿ ಉಚಿತವಾಗಿಯೂ ಹಂಚುತ್ತಿದೆ, ಅವರಿಗೆ ನಮಸ್ಕಾರ. ಅದರಿಂದ ಮುಂದಿನ ಮೆಟ್ಟಿಲು, ಹತ್ತು ಹನ್ನೆರಡರ ಪೋರರು ಬಿದ್ದು ಬಿದ್ದು ನಗುವ ಮೆಟ್ಟಿಲು, ಖಾಲಿ ಉಳಿದಿದೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಪುಸ್ತಕ ಆಯ್ಕೆಯ ಸಮಿತಿಗಳು ಹಾಸ್ಯ ಕಾಮಿಕ್ಸಿಗೆ ಒಂದು ಕಪಾಟನ್ನಾದರೂ ಮೀಸಲಿಡಲಿ. ಆಯ್ಕೆ ಮಾಡುವಾಗ ಸಮಿತಿಯಲ್ಲಿ ಇಬ್ಬರು ಆರನೆಯ ತರಗತಿಯ ಮಕ್ಕಳನ್ನೂ ಕೂರಿಸಲಿ. ಪ್ರಕಾಶಕರು ಒಂದು ಆಟದ ಮಾಲೆಯ ಕನ್ನಡ ಹಕ್ಕನ್ನಾದರೂ ಕೇಳಿ ನೋಡಲಿ. ಅದಾಗುವವರೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನನ್ನ ಕಿರಿಯ ಸಹೋದ್ಯೋಗಿಗಳು ಬರುವ ಶನಿವಾರ ಒಂದು ಅವಧಿಯನ್ನು ಬಿಟ್ಟುಕೊಡಲಿ. ಕರಿಹಲಗೆಯ ಮೇಲೆ ನಾಲ್ಕು ಚೌಕ ಬರೆಯಿರಿ, ಒಂದು ಹುಲಿಯನ್ನೂ ಒಂದು ಮೇಕೆಯನ್ನೂ ಬರೆಯಿರಿ, ಮಾತಿನ ಗುಳ್ಳೆಗಳನ್ನು ಖಾಲಿ ಬಿಡಿ. ತುಂಬುವ ಕೆಲಸವನ್ನು ಮಕ್ಕಳಿಗೆ ಕೊಟ್ಟು ನೀವು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ತೆಲುಗು ಬೆರೆತರೆ ಬೆರೆಯಲಿ, ಒತ್ತಕ್ಷರ ತಪ್ಪಿದರೆ ತಪ್ಪಲಿ, ಆ ದಿನ ಕೆಂಪು ಮಸಿಯ ಪೆನ್ನನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ. ಏನಾಯಿತೆಂದು ನನಗೂ ತಿಳಿಸಿ.